ಕ್ಲಸ್ಟರ್‌ನಲ್ಲಿ ಮಲ್ಟಿಪಾತ್ ಡಿಸ್ಕಿಗೆ ಹೆಸರು: ಬೈಂಡಿಂಗ್ಸ್, ಡಬ್ಲ್ಯೂಡಬ್ಲ್ಯೂಐಡಿ, ಅಲಿಯಾಸ್ ಹಾಕಿ ನೋಡಿದಾಗ

ಒಂದೇ ಸ್ಟೋರೇಜಿನಿಂದ ಒಂದೇ ಲನ್ (ಸ್ಟೋರೇಜ್ ಹಂಚಿಕೊಡುವ ಡಿಸ್ಕ್) ಕ್ಲಸ್ಟರಿನ ಎಲ್ಲ ನೋಡ್‌ಗಳಿಗೂ, ಅಂದರೆ ಸರ್ವರ್‌ಗಳಿಗೂ, ಹೋಗಿದೆ. ಒಂದು ಡಿಸ್ಕಿಗೆ ಇರುವ ಹಲವು ದಾರಿಗಳನ್ನು ಒಂದಾಗಿ ತೋರಿಸುವ ಮಲ್ಟಿಪಾತ್ ಅದಕ್ಕೊಂದು ಹೆಸರಿಡುತ್ತದೆ. ಆದರೂ ಮೊದಲ ನೋಡಿನಲ್ಲಿ ಆ ಲನ್ ಎಂಪಾತ್-ಡಿ, ಪಕ್ಕದ್ದರಲ್ಲಿ ಎಂಪಾತ್-ಇ. ಕ್ಲಸ್ಟರಿನ ಸರ್ವಿಸ್‌ಗಳನ್ನು ನಡೆಸುವ ಪೇಸ್‌ಮೇಕರ್‌ಗೆ ಇದು ಗೊತ್ತಾಗುವುದಿಲ್ಲ. ಬರೆದಿಟ್ಟ ಹೆಸರು ಸಿಕ್ಕರೆ ಸಾಕು, ಮೌಂಟ್ ಮಾಡಲು ಹೊರಡುತ್ತದೆ. ಹೆಸರುಗಳು ಎಲ್ಲ ಕಡೆ ಒಂದೇ ಇರುವಂತೆ ಮಾಡಲು ಇರುವ ದಾರಿಗಳನ್ನು ಟೆಸ್ಟ್ ಕ್ಲಸ್ಟರಿನಲ್ಲಿ ಒಂದೊಂದಾಗಿ ಹಾಕಿ ನೋಡಿದೆ: ಮೂರು ನೋಡ್, ಫೈಬರ್ ಚಾನೆಲ್, ರೆಡ್ ಹ್ಯಾಟ್ ಕುಟುಂಬದ ಲಿನಕ್ಸ್. ಪರೀಕ್ಷೆ ಎಲ್ಲದಕ್ಕೂ ಒಂದೇ. ಒಂದು ನೋಡನ್ನು ಆಫ್ ಮಾಡಿ, ಉಳಿದೆರಡಕ್ಕೆ ಎರಡು ಹೊಸ ಲನ್ ಕೊಡುವುದು, ಅದೂ ದೊಡ್ಡ ನಂಬರಿನದನ್ನು ಮೊದಲು. ಆಮೇಲೆ ಆಫ್ ಆಗಿದ್ದ ನೋಡನ್ನು ಎಬ್ಬಿಸುವುದು.

ಎಸ್‌ಡಿಎ, ಡಿಎಂ-3 ಬಗೆಯ ಹೆಸರುಗಳನ್ನು ಪರೀಕ್ಷೆಗೇ ಇಳಿಸಲಿಲ್ಲ. ಅವು ಕರ್ನಲ್ ತನ್ನ ಅನುಕೂಲಕ್ಕೆ ಕೊಟ್ಟುಕೊಂಡ ನಂಬರುಗಳು, ರೀಬೂಟ್ ಆದರೆ ಬದಲಾಗಬಹುದು.

ಮೊದಲು ಯೂಸರ್ ಫ್ರೆಂಡ್ಲಿ ನೇಮ್ಸ್, ಅಂದರೆ ಎಂಪಾತ್-ಡಿ, ಎಂಪಾತ್-ಇ ಎಂದು ತಾನಾಗಿ ಹೆಸರಿಡುವ ಸೆಟಿಂಗ್. ಮೂಲ ಮಲ್ಟಿಪಾತ್-ಟೂಲ್ಸ್‌ನಲ್ಲಿ ಇದು ಡಿಫಾಲ್ಟ್ ಆಗಿ ಆಫ್ ಇರುತ್ತದೆ. ಎಂಪಾತ್‌ಕಾನ್ಫ್ ಕಮಾಂಡ್ ಬರೆದುಕೊಡುವ ಕಾನ್ಫಿಗ್‌ನಲ್ಲಿ ಆನ್ ಆಗಿ ಬರುವುದರಿಂದ ಬಹಳಷ್ಟು ಸರ್ವರ್‌ಗಳಲ್ಲಿ ಇದೇ ಓಡುತ್ತಿದೆ. ಮದುವೆ ಊಟದ ಪಂಕ್ತಿಯ ಹಾಗೆ ಮೊದಲು ಕಂಡವರಿಗೆ ಮೊದಲ ಎಲೆ. ಯಾರಿಗೆ ಯಾವ ಅಕ್ಷರ ಹೋಯಿತು ಎಂಬುದು ಬೈಂಡಿಂಗ್ಸ್ ಫೈಲಿನಲ್ಲಿ ದಾಖಲಾಗುತ್ತದೆ, ಹಾಗಾಗಿ ಒಂದು ನೋಡಿನೊಳಗೆ ಹೆಸರು ಕದಲುವುದಿಲ್ಲ. ಆದರೆ ಪ್ರತಿ ನೋಡಿಗೂ ಅದರದೇ ಬೈಂಡಿಂಗ್ಸ್. ನನ್ನ ಪರೀಕ್ಷೆಯಲ್ಲಿ ಎದ್ದಿದ್ದ ನೋಡ್‌ಗಳು ಲನ್ 7ಕ್ಕೆ ಎಂಪಾತ್-ಡಿ, ಆಮೇಲೆ ಬಂದ ಲನ್ 5ಕ್ಕೆ ಎಂಪಾತ್-ಇ ಎಂದಿಟ್ಟವು. ತಡವಾಗಿ ಎದ್ದ ನೋಡಿಗೆ ಎರಡೂ ಒಟ್ಟಿಗೆ ಕಂಡವು, ಅದು 5ರಿಂದ ಎಣಿಸಿತು. ಅದಲುಬದಲು. ಎರಡೂ ಒಂದೇ ಸೈಜು, ಎರಡರಲ್ಲೂ ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಮ್ ಇದ್ದರೆ ಮೌಂಟ್ ಕೂಡ ಸದ್ದಿಲ್ಲದೆ ಆಗುತ್ತದೆ.

ಇದಕ್ಕೆ ಹೇಳುವ ಪರಿಹಾರ, ಒಂದು ನೋಡಿನ ಬೈಂಡಿಂಗ್ಸ್ ಫೈಲನ್ನು ಉಳಿದವಕ್ಕೆ ಕಾಪಿ ಮಾಡುವುದು: ಮಲ್ಟಿಪಾತ್‌ಡಿ ಸರ್ವಿಸ್ ನಿಲ್ಲಿಸಿ, ಹಳೆಯ ಮ್ಯಾಪ್‌ಗಳನ್ನು (ಹೆಸರಿಟ್ಟ ಮಲ್ಟಿಪಾತ್ ಡಿಸ್ಕುಗಳನ್ನು) ಫ್ಲಶ್ ಮಾಡಿ, ಅಂದರೆ ತೆಗೆದುಹಾಕಿ, ಫೈಲ್ ಹಾಕಿ, ಮತ್ತೆ ಶುರು. ಕೆಲಸ ಮಾಡುತ್ತದೆ, ಆದರೆ ಬಳಕೆಯಲ್ಲಿರುವ ಮ್ಯಾಪ್ ಫ್ಲಶ್ ಆಗದು, ಆ ನೋಡಿನ ಸರ್ವಿಸ್‌ಗಳನ್ನು ಮೊದಲು ಬೇರೆಡೆಗೆ ಕಳಿಸಬೇಕು. ಇನಿಟ್‌ರ‍್ಯಾಮ್‌ಎಫ್‌ಎಸ್‌ನೊಳಗೆ (ಬೂಟಿನ ಆರಂಭದಲ್ಲಿ ಲೋಡ್ ಆಗುವ ಇಮೇಜ್) ಹಳೆಯ ಪ್ರತಿ ಕೂತಿದ್ದರೆ ಮುಂದಿನ ಬೂಟಿಗೆ ಹಳೆ ಹೆಸರುಗಳೇ ಹಾಜರ್. ಡ್ರಾಕಟ್ ಓಡಿಸಿ ಆ ಇಮೇಜನ್ನು ಹೊಸದಾಗಿ ಕಟ್ಟಬೇಕು. ಇಷ್ಟಾದರೂ ಮುಂದಿನ ಲನ್ ಬಂದ ದಿನ ಅದೇ ಕಥೆ. ಯಂತ್ರ ತಾನಾಗಿ ತಿದ್ದುವ ಫೈಲನ್ನು ಮನುಷ್ಯ ಸಿಂಕ್ ಮಾಡುತ್ತ ಕೂರುವುದು ನನಗೆ ಒಪ್ಪಿಗೆಯಾಗಲಿಲ್ಲ.

ಎರಡನೆಯದು ಬೇರೆ ಹೆಸರೇ ಇಡದೆ ಇರುವುದು, ಅಂದರೆ ಫ್ರೆಂಡ್ಲಿ ನೇಮ್ಸ್ ಆಫ್. ಆಗ ಡಬ್ಲ್ಯೂಡಬ್ಲ್ಯೂಐಡಿಯೇ ಹೆಸರು. ಡಿಸ್ಕು ತಾನೇ ಎಸ್‌ಸಿಎಸ್‌ಐ ವಿಪಿಡಿ ಎಂಬ ಮಾಹಿತಿ ಪಟ್ಟಿಯ ಹೆಕ್ಸ್ 83 ಎಂಬ ಪೇಜಿನಲ್ಲಿ ಹೇಳುವ ಗುರುತು ಅದು, ಲನ್ ನಂಬರು ಯಾವ ನೋಡಿಗೆ ಏನೇ ಇರಲಿ ಬದಲಾಗದು. ಪರೀಕ್ಷೆ ಲೀಲಾಜಾಲವಾಗಿ ಪಾಸಾಯಿತು. ತೊಂದರೆ ಓದುವವರಿಗೆ. ಮುಂದೊಂದು 3, ಹಿಂದೆ 32 ಹೆಕ್ಸ್ ಅಂಕಿ. ಒಂದೇ ಅರೇಯ (ಸ್ಟೋರೇಜ್ ಪೆಟ್ಟಿಗೆಯ) ಲನ್‌ಗಳಾದರೆ ಹೆಚ್ಚಾಗಿ ಕೊನೆಯ ಕೆಲವೇ ಅಂಕಿಗಳಲ್ಲಿ ವ್ಯತ್ಯಾಸ. ರಾತ್ರಿ ಎರಡು ಗಂಟೆಗೆ ಸ್ಟೋರೇಜ್ ತಂಡದವರೊಂದಿಗೆ ಫೋನಿನಲ್ಲಿ ಇದನ್ನು ಓದಿ ಹೇಳುವ ಪಾಡು ಬೇಡ. (ವಿಎಂವೇರ್‌ನ ವರ್ಚುವಲ್ ಮಷೀನ್‌ಗಳಲ್ಲಿ ಡಿಸ್ಕ್ ಎನೇಬಲ್ ಯುಯುಐಡಿ ಸೆಟಿಂಗ್ ಹಾಕದಿದ್ದರೆ ಈ ಗುರುತೇ ಕಾಣಿಸದಿರಬಹುದು, ನೋಡಿಕೊಳ್ಳಿ.)

ಫೈಲ್‌ಸಿಸ್ಟಮ್ ಯುಯುಐಡಿಯಿಂದ (ಫಾರ್ಮ್ಯಾಟ್ ಮಾಡುವಾಗ ಡಿಸ್ಕಿನೊಳಗೇ ಬರೆದಿಟ್ಟ ಗುರುತಿನಿಂದ) ಮೌಂಟ್ ಮಾಡುವುದನ್ನೂ ನೋಡಿದೆ. ಸ್ಟೋರೇಜ್ ಕಡೆ ಲನ್ ಕ್ಲೋನ್ ತೆಗೆದು ಅದೇ ನೋಡಿಗೆ ತೋರಿಸುವ ತನಕ ಚೆನ್ನಾಗಿದೆ. ಆಮೇಲೆ ಒಂದೇ ಯುಯುಐಡಿಗೆ ಇಬ್ಬರು ವಾರಸುದಾರರು; ಎಲ್‌ವಿಎಂ (ಡಿಸ್ಕಿನ ಜಾಗ ಹಂಚುವ ಲಿನಕ್ಸ್ ವ್ಯವಸ್ಥೆ) ಬಳಸಿದ್ದರೆ ಅದು ಡೂಪ್ಲಿಕೇಟ್ ಪಿವಿ, ಅಂದರೆ ಒಂದೇ ಗುರುತಿನ ಎರಡು ಡಿಸ್ಕ್, ಎಂದು ದೂರುತ್ತದೆ. ಡಬ್ಲ್ಯೂಡಬ್ಲ್ಯೂಐಡಿ ಮಾತ್ರ ಕ್ಲೋನಿಗೆ ಬೇರೆಯೇ.

ಕೊನೆಗೆ ನಾನು ಉಳಿಸಿಕೊಂಡದ್ದು ಅಲಿಯಾಸ್. ಮಲ್ಟಿಪಾತ್ ಕಾನ್ಫಿಗ್‌ನ ಮಲ್ಟಿಪಾತ್ಸ್ ಭಾಗದಲ್ಲಿ ಪ್ರತಿ ಡಬ್ಲ್ಯೂಡಬ್ಲ್ಯೂಐಡಿಗೆ ಅರ್ಥವಿರುವ ಒಂದು ಹೆಸರು. ಇವನ್ನು ಕಾನ್ಫ್-ಡಿ ಡೈರೆಕ್ಟರಿಯಲ್ಲಿ ಬೇರೆ ಫೈಲಾಗಿ ಇಟ್ಟು, ಆನ್ಸಿಬಲ್ ಎಂಬ ಕಾನ್ಫಿಗ್ ಹಂಚುವ ಟೂಲ್‌ನಿಂದ ಎಲ್ಲ ನೋಡಿಗೂ ಅದೇ ಪ್ರತಿ ಕಳಿಸುತ್ತೇನೆ. ಇದರ ಜೊತೆಗೆ ಫ್ರೆಂಡ್ಲಿ ನೇಮ್ಸ್ ಆಫ್ ಇಡುವುದು ಬಹಳ ಮುಖ್ಯ, ಇದನ್ನು ಬಿಡುವವರೇ ಹೆಚ್ಚು. ಆನ್ ಇದ್ದಾಗ, ಒಂದು ನೋಡಿನಲ್ಲಿ ಅಲಿಯಾಸ್ ಸಾಲು ತಪ್ಪಿಹೋದರೆ ಆ ಲನ್ ಎಂಪಾತ್ ಎಂಬ ಮುಖವಾಡ ಹಾಕಿ ಗುಂಪಿನಲ್ಲಿ ಸೇರಿಕೊಳ್ಳುತ್ತದೆ. ಆಫ್ ಇದ್ದರೆ ಉದ್ದದ ಡಬ್ಲ್ಯೂಡಬ್ಲ್ಯೂಐಡಿಯಾಗಿ ಕಣ್ಣಿಗೆ ಹೊಡೆಯುತ್ತದೆ, ಪೇಸ್‌ಮೇಕರ್ ಡಿವೈಸ್ ಇಲ್ಲವೆಂದು ನಿಲ್ಲುತ್ತದೆ. ತಪ್ಪು ಡಿಸ್ಕ್ ಮೌಂಟ್ ಆಗುವುದಕ್ಕಿಂತ ಇದು ಎಷ್ಟೋ ಮೇಲು.

ಹೆಸರಿನ ವಿಷಯದಲ್ಲಿ ಎರಡು ಎಚ್ಚರ. ಎಂಪಾತ್ ಎಂದು ಶುರುವಾಗುವ ಅಲಿಯಾಸ್ ಇಡಬೇಡಿ, ತಾನಾಗಿ ಹುಟ್ಟುವ ಹೆಸರಿಗೆ ಡಿಕ್ಕಿ ಹೊಡೆಯಬಹುದು. ಅಂಕಿಯಲ್ಲಿ ಮುಗಿಯುವ ಹೆಸರಿದ್ದರೆ ಪಾರ್ಟಿಷನ್‌ಗಳಿಗೆ ಡಿವೈಸ್ ಮಾಡಿಕೊಡುವ ಕೆಪಾರ್ಟ್‌ಎಕ್ಸ್, ಪಾರ್ಟಿಷನ್ ನಂಬರಿನ ಮುಂದೆ ಪಿ ಸೇರಿಸುತ್ತದೆ, ಸ್ಕ್ರಿಪ್ಟ್‌ಗಳು ಅದನ್ನು ನಿರೀಕ್ಷಿಸಿರಬೇಕು.

ಅಲಿಯಾಸಿನ ನಿಜವಾದ ಲಾಭ ಹಳೆಯ ಅರೇಯಿಂದ ಹೊಸದಕ್ಕೆ ಡೇಟಾ ಸಾಗಿಸುವಾಗ ತಿಳಿಯುತ್ತದೆ. ಅಲ್ಲಿ ಡಬ್ಲ್ಯೂಡಬ್ಲ್ಯೂಐಡಿಗಳು ಬದಲಾಗುವುದು ಸಾಮಾನ್ಯ. ಅದನ್ನೇ ಹೆಸರಾಗಿ ಇಟ್ಟುಕೊಂಡಿದ್ದರೆ ಕ್ಲಸ್ಟರ್ ರಿಸೋರ್ಸ್, ಫೆನ್ಸಿಂಗ್‌ನ (ಕೆಟ್ಟ ನೋಡನ್ನು ಹೊರಗಿಡುವ ವ್ಯವಸ್ಥೆಯ) ಡಿವೈಸ್ ಪಟ್ಟಿ, ಬ್ಯಾಕಪ್ ಸ್ಕ್ರಿಪ್ಟ್ ಎಲ್ಲವನ್ನೂ ಹುಡುಕಿ ತಿದ್ದಬೇಕು. ಅಲಿಯಾಸ್ ಇದ್ದರೆ ಒಂದೇ ಫೈಲಿನಲ್ಲಿ ಲನ್ನಿಗೊಂದು ಸಾಲು.

ಒರಾಕಲ್ ಎಎಸ್‌ಎಂ (ಡೇಟಾಬೇಸಿನ ಡಿಸ್ಕುಗಳನ್ನು ನೋಡಿಕೊಳ್ಳುವ ಭಾಗ) ಇರುವಲ್ಲಿ ಲೆಕ್ಕ ಸ್ವಲ್ಪ ಬೇರೆ. ಎಎಸ್‌ಎಂ ಡಿಸ್ಕಿನ ಹೆಡರ್ ಓದಿ ಗುರುತಿಸುವುದರಿಂದ ನೋಡಿನಿಂದ ನೋಡಿಗೆ ಹೆಸರು ಬೇರೆಯಾದರೂ ಅದು ಎಡವುವುದಿಲ್ಲ. ಅದಕ್ಕೆ ಬೇಕಾದದ್ದು ಗ್ರಿಡ್ ಯೂಸರ್‌ನ ಒಡೆತನ, 0660 ಅನುಮತಿ. ಅದಕ್ಕಾಗಿ ಡಿಎಂ ಯುಯುಐಡಿ (ಮಲ್ಟಿಪಾತ್ ಡಿವೈಸಿನ ಗುರುತು) ನೋಡುವ ಯುಡೆವ್ ರೂಲ್ ಬರೆದೆ; ಯುಡೆವ್ ಎಂದರೆ ಡಿವೈಸ್ ಫೈಲುಗಳನ್ನು ನಿರ್ವಹಿಸುವ ಲಿನಕ್ಸ್ ಭಾಗ. ಬರಿ ಹೆಸರಿಗಾಗಿ ಯುಡೆವ್ ಸಿಮ್‌ಲಿಂಕ್ ಕಟ್ಟುವುದು ಅಲಿಯಾಸ್ ಮಾಡುವ ಕೆಲಸವನ್ನೇ ಸುತ್ತಿ ಬಳಸಿ ಮಾಡಿದಂತೆ. ಎಎಸ್‌ಎಂ ನೋಡ್‌ಗಳಲ್ಲೂ ಅಲಿಯಾಸ್ ಇಟ್ಟಿದ್ದೇನೆ. ಅದು ಎಎಸ್‌ಎಂಗಲ್ಲ, ಡಿಬಿಎ ಮತ್ತು ಸ್ಟೋರೇಜ್‌ನವರು ಒಂದೇ ಡಿಸ್ಕಿನ ಬಗ್ಗೆ ಮಾತಾಡುತ್ತಿದ್ದಾರೆಂದು ಖಾತ್ರಿಯಾಗಲು.