ಮರುವಲಸೆಯ ಹಕ್ಕಿಗಳಿಗೆ ಒಪ್ಪುವ ಮಣ್ಣಿನ ತಟ್ಟೆ: ಎರಡು ಬೇಸಿಗೆ ಬಳಸಿ ನೋಡಿದ ಮೇಲೆ

ಮೈಸೂರಿನ ನಮ್ಮ ಮನೆಯ ಹಿತ್ತಿಲಿಗೆಂದು ರಸ್ತೆ ಬದಿಯ ಕುಂಬಾರರ ಅಂಗಡಿಯಿಂದ 280 ರೂಪಾಯಿಗೆ ತಂದ ನೀರಿನ ತಟ್ಟೆಯನ್ನು ಎರಡು ಬೇಸಿಗೆ ಬಳಸಿದ್ದೇನೆ. ಅದರ ಅಗಲ ಒಂದೂಕಾಲು ಅಡಿ. ಅಂಚಿನಿಂದ ನಡುವಿಗೆ ಮೆಲ್ಲನೆ ಇಳಿಜಾರಾಗಿ, ನಟ್ಟನಡುವೆ ಎರಡು ಬೆರಳಿನಷ್ಟು ಆಳವಿದೆ. ಮೆರುಗು ಹಚ್ಚದ ಒಳಮೈ ತರಿತರಿಯಾಗಿದೆ, ನಾನು ಇದನ್ನು ಮೆಚ್ಚಿಕೊಂಡದ್ದೂ ಆ ತರಿಗಾಗಿಯೇ.

ದಕ್ಷಿಣದಲ್ಲಿ ಚಳಿಗಾಲ ಕಳೆದ ಹಕ್ಕಿಗಳು ಉತ್ತರಕ್ಕೆ ಮರಳುವ ಮಾರ್ಚ್, ಏಪ್ರಿಲ್ ತಿಂಗಳುಗಳು ನಮ್ಮಲ್ಲಿ ಕಡುಬಿಸಿಲಿನ ದಿನಗಳೂ ಹೌದು. ರಾತ್ರಿಯಿಡೀ ಹಾರುವ ಸಣ್ಣ ಹಕ್ಕಿಗಳು ಹಗಲು ಇಳಿದ ಕಡೆಯಲ್ಲೇ ಹುಳ ಹಿಡಿದು ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳಬೇಕು, ಗರಿ ತೊಳೆದು ತಿದ್ದಿಕೊಳ್ಳಬೇಕು. ಹಿಂದೆ ನಮ್ಮಲ್ಲಿದ್ದ ನುಣುಪಾದ ಪಿಂಗಾಣಿ ಬೋಗುಣಿಯ ಅಂಚಿನಲ್ಲಿ ಕುಳಿತು ಪಿಕಳಾರ, ಮೈನಾಗಳು ನೀರು ಕುಡಿಯುತ್ತಿದ್ದವೇ ಹೊರತು ಈ ಪ್ರಯಾಣಿಕರು ಅತ್ತ ಸುಳಿದದ್ದನ್ನು ನಾನು ಕಾಣಲಿಲ್ಲ.

ಮಣ್ಣಿನ ತಟ್ಟೆಗೆ ಮೊದಲು ಇಳಿದದ್ದು ಬ್ಲೈತನ ಜೊಂಡು ಉಲಿಯಕ್ಕಿ. ಹನ್ನೆರಡು ಗ್ರಾಂ ಆಸುಪಾಸು ತೂಗುವ, ಫಿನ್ಲೆಂಡ್, ರಷ್ಯಾಗಳಷ್ಟು ದೂರದಲ್ಲಿ ಮರಿ ಮಾಡುವ ಈ ಹಕ್ಕಿ ದಾಸವಾಳದ ಪೊದೆಯೊಳಗೆ "ಚೆಕ್, ಚೆಕ್" ಎನ್ನುತ್ತಾ ಬಹಳ ಹೊತ್ತು ಅಡಗಿದ್ದು, ಆಮೇಲೆ ಅಂಚಿಗೆ ಬಂದು, ತರಿಗೆ ಉಗುರು ಊರಿ ಒಂದೊಂದೇ ಹೆಜ್ಜೆ ಇಳಿಯಿತು. ಎದೆ ಮುಳುಗುವಷ್ಟು ನೀರು ಸಿಕ್ಕಿದ ಕೂಡಲೇ ರೆಕ್ಕೆ ಬಡಿದು ಮೂರು ಸಲ ಮಿಂದು, ಒದ್ದೆಯಾಗಿ ಅರ್ಧಕ್ಕರ್ಧ ಕುಗ್ಗಿದ ಮೈಯಲ್ಲಿ ಪೊದೆಗೆ ಮರಳಿತು. ಅದು ಏಪ್ರಿಲ್ ಕೊನೆಯ ವಾರದವರೆಗೂ ದಿನವೂ ಸಂಜೆ ಐದರ ಸುಮಾರಿಗೆ ಬರುತ್ತಿತ್ತು. ಮರುವರ್ಷ ನವರಂಗ (ಇಂಡಿಯನ್ ಪಿಟ್ಟಾ) ಎಂಬ ವಲಸೆ ಹಕ್ಕಿಯೊಂದು ಮಾವಿನ ತರಗೆಲೆ ಕೆದಕುತ್ತಾ ಮೂರು ದಿನ ತಂಗಿ, ನಸುಕಿನಲ್ಲೂ ಮುಸ್ಸಂಜೆಯಲ್ಲೂ ಎರಡೆಳೆಯ ಸಿಳ್ಳೆ ಹಾಕಿ, ಇದೇ ತಟ್ಟೆಯಲ್ಲಿ ನೀರು ಕುಡಿದಾಗ ಮನೆಯವರೆಲ್ಲ ಅಡುಗೆಮನೆಯ ಕಿಟಕಿಗೆ ಅಂಟಿಕೊಂಡಿದ್ದೆವು.

ಕೊರತೆಗಳನ್ನೂ ಹೇಳಬೇಕು. ತಟ್ಟೆ ಜಿನುಗುತ್ತದೆ, ಬೆಳಿಗ್ಗೆ ತುಂಬಿದ ನೀರು ಸಂಜೆಗೆ ಅರ್ಧವಾಗಿರುತ್ತದೆ. ಹಾಗೆ ಜಿನುಗಿ ಆರುವುದರಿಂದಲೇ ನೀರು ತಂಪಾಗಿರುತ್ತದೆ ಎಂಬುದು ನಿಜ, ಆದರೆ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದವರಿಗೆ ಇದು ತೊಡಕಾಗುತ್ತದೆ. ಬೋರ್‌ವೆಲ್ ನೀರಿನ ಬಿಳಿ ಕರೆ ಪೂರ್ತಿ ಹೋಗುವುದಿಲ್ಲ. ಪಾಚಿಯನ್ನು ಸೋಪಿಲ್ಲದೆ ತೆಂಗಿನ ನಾರಿನಿಂದ ಉಜ್ಜುತ್ತೇನೆ. ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕಾಗುವುದರಿಂದ ನೀರನ್ನು ದಿನವೂ ಚೆಲ್ಲಿ ಹೊಸದು ಹಾಕುವುದು ಕಡ್ಡಾಯ.

ಜೊತೆಗೆ 350 ರೂಪಾಯಿಗೆ ಮಾರುವ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡ್ ಅಲುಗಾಡುತ್ತದೆ, ಅದನ್ನು ಕೊಳ್ಳಬೇಡಿ. ನೆಲದಲ್ಲೇ ಮೇಯುವ ನವರಂಗದಂಥ ಹಕ್ಕಿಗೆ ನೆಲದ ಮೇಲಿಟ್ಟ ತಟ್ಟೆಯೇ ಅನುಕೂಲ. ಬೆಕ್ಕು ಹೊಂಚು ಹಾಕಲಾಗದಂತೆ ಪೊದೆಯಿಂದ ಎಂಟು ಅಡಿ ದೂರದ ಬಯಲಿನಲ್ಲಿ, ಮರದ ನೆರಳು ಬೀಳುವ ಜಾಗ ನೋಡಿ ಇಟ್ಟಿದ್ದೇನೆ.

ಈ ಬೆಲೆಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಕೊಳ್ಳುವವರು ಫೆಬ್ರವರಿಯಲ್ಲೇ ತಂದಿಡುವುದು ಮೇಲು, ಏಕೆಂದರೆ ನಮ್ಮ ಹಿತ್ತಿಲಿನಲ್ಲಿ ಮೊದಲ ಹಕ್ಕಿ ಇದನ್ನು ನಂಬಿ ಇಳಿಯಲು ಹನ್ನೊಂದು ದಿನ ಹಿಡಿಯಿತು.