ಯೆಲ್ಲೋಸ್ಟೋನ್‌ನಲ್ಲಿ ಆರ್‌ವಿ ನಿಲ್ಲಿಸಲು: ಫಿಶಿಂಗ್ ಬ್ರಿಡ್ಜ್ ಅಥವಾ ಮ್ಯಾಡಿಸನ್?

ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದೊಳಗೆ ಆರ್‌ವಿಗೆ, ಅಂದರೆ ಮಲಗಲು, ಅಡುಗೆಗೆ ಅನುಕೂಲವಿರುವ ಮನೆಯಂಥ ವಾಹನಕ್ಕೆ, ನೀರು, ವಿದ್ಯುತ್, ಒಳಚರಂಡಿ ಈ ಮೂರರ ಸಂಪರ್ಕವೂ ಸಿಗುವುದು ಫಿಶಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕ್‌ನಲ್ಲಿ ಮಾತ್ರ. ಸುಮಾರು 7,800 ಅಡಿ ಎತ್ತರದ ಆ ಜಾಗದಲ್ಲಿ ಬೇಸಿಗೆಯ ರಾತ್ರಿಗಳೂ ಕೊರೆಯುವುದರಿಂದ, ಚಿಕ್ಕ ಮಕ್ಕಳೋ ವಯಸ್ಸಾದವರೋ ಜೊತೆಗಿದ್ದು ಹೀಟರ್ ನಿಶ್ಚಿಂತೆಯಿಂದ ನಡೆಯಬೇಕೆನ್ನುವ ಕುಟುಂಬಕ್ಕೆ ಇದೇ ಸರಿ. ಕರಡಿಗಳ ಓಡಾಟವಿರುವ ಕಾರಣ ಅಲ್ಲಿ ಗಟ್ಟಿ ಗೋಡೆಯ ವಾಹನಗಳಿಗಷ್ಟೇ ಅವಕಾಶ; ಬಟ್ಟೆಯ ಬದಿಗಳಿರುವ ಪಾಪ್‌ಅಪ್ ಟ್ರೇಲರ್ ತಂದವರು ಬೇರೆಡೆ ನೋಡಬೇಕು.

ಅದೇ ಉದ್ಯಾನದ ಮ್ಯಾಡಿಸನ್ ಶಿಬಿರತಾಣದಲ್ಲಿ ಈ ಸಂಪರ್ಕಗಳಿಲ್ಲ, ಜನರೇಟರ್ ಓಡಿಸಲು ಸಮಯದ ಮಿತಿಯೂ ಇದೆ. ಆದರೂ ಬ್ಯಾಟರಿ ಮತ್ತು ನೀರಿನ ಟ್ಯಾಂಕು ಸುಸ್ಥಿತಿಯಲ್ಲಿದ್ದರೆ ನನ್ನ ಆಯ್ಕೆ ಇದೇ: ಓಲ್ಡ್ ಫೇತ್‌ಫುಲ್ ಎಂಬ ಬಿಸಿನೀರಿನ ಚಿಲುಮೆ ಕೇವಲ 16 ಮೈಲಿ ದೂರ, ಸೆಪ್ಟೆಂಬರಿನಲ್ಲಿ ಹೊಳೆಯಂಚಿನ ಹುಲ್ಲುಗಾವಲಿನಿಂದ ಎಲ್ಕ್ ಎಂಬ ದೊಡ್ಡ ಜಿಂಕೆಗಳ ಗಂಡುಗಳ ಕೂಗು ಕೇಳಿಬರುತ್ತದೆ. ಎರಡರಲ್ಲಿ ಯಾವುದಾದರೂ, ಟ್ರೇಲರನ್ನು ಎಳೆಯುವ ವಾಹನವನ್ನೂ ಸೇರಿಸಿ ಒಟ್ಟು ಉದ್ದವನ್ನು ತಿಳಿಸಿಯೇ ಮುಂಗಡವಾಗಿ ಕಾಯ್ದಿರಿಸಬೇಕು.