ಬೆಸುಗೆ ಉಳಿಯಿತು, ಪಕ್ಕದ ಕೊಳವೆ ಮುರಿಯಿತು

ಹಳೆಯ ಮೌಂಟನ್ ಬೈಕ್ ಕೊಳ್ಳಬೇಕೆಂದಿರುವವರು, ಬಿರುಕು ಬಿಟ್ಟ ಅಲ್ಯೂಮಿನಿಯಂ ಫ್ರೇಮಿಗೆ ವೆಲ್ಡಿಂಗ್ ಮಾಡಿಸಲು ಹೊರಟವರು ದಯವಿಟ್ಟು ಇದನ್ನು ಓದಿ. ನನ್ನ ತಂಗಿಯ ಮಗನ ಬಲಗೈ ಮಣಿಕಟ್ಟು ಮುರಿದಿದೆ. ಅವನಿಗೆ 16 ವರ್ಷ. ಆ ಸೈಕಲ್ ಕೊಡಿಸಿದವನು ನಾನು.

ಎಂಟು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಒಬ್ಬರಿಂದ 18,000 ರೂಪಾಯಿಗೆ ಅದನ್ನು ಕೊಂಡೆ. 6061 ಅಲ್ಯೂಮಿನಿಯಂ ಫ್ರೇಮ್, ಒಳ್ಳೆಯ ಫೋರ್ಕ್, ಡಿಸ್ಕ್ ಬ್ರೇಕ್. ಫ್ರೇಮಿಗೆ ಹೊಸದಾಗಿ ಬಣ್ಣ ಹೊಡೆಸಿದ್ದರು. ಏಕೆಂದು ಕೇಳಿದಾಗ, ‘ಗೀರುಗಳು ಬಿದ್ದಿದ್ದವು, ನೋಡಲು ಚೆನ್ನಾಗಿರಲಿ ಎಂದು ಹೊಡೆಸಿದೆ ಸರ್’ ಎಂದರು. ನಾನು ಗೇರ್ ನೋಡಿದೆ, ಚೈನ್ ನೋಡಿದೆ, ಟೈರ್ ಒತ್ತಿ ನೋಡಿದೆ. ಬಣ್ಣದ ಅಡಿಯಲ್ಲಿ ಏನಿರಬಹುದು ಎಂದು ಯೋಚಿಸಲಿಲ್ಲ.

ಕಳೆದ ತಿಂಗಳು ನಂದಿಬೆಟ್ಟದ ಬುಡದಲ್ಲಿ, ದ್ರಾಕ್ಷಿ ತೋಟಗಳ ನಡುವಿನ ಮಣ್ಣಿನ ಹಾದಿಯಲ್ಲಿ ಅವನು ನನ್ನ ಮುಂದೆ ಹೋಗುತ್ತಿದ್ದ. ಹೇಳಿಕೊಳ್ಳುವಂಥ ಇಳಿಜಾರಲ್ಲ. ಮಳೆ ನೀರು ಕೊರೆದ ಒಂದು ಸಣ್ಣ ಕಾಲುವೆಗೆ ಮುಂದಿನ ಚಕ್ರ ಇಳಿದು ಮೇಲೆದ್ದಿತು, ಅಷ್ಟೇ. ಹ್ಯಾಂಡಲ್ ಒಂದು ಕಡೆ, ಸೈಕಲ್ ಒಂದು ಕಡೆ ಆಯಿತು. ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಅವನು ‘ಮಾಮ, ನಾನು ಜೋರಾಗಿ ಹೋಗಿರಲಿಲ್ಲ’ ಎಂದು ಹೇಳುತ್ತಲೇ ಇದ್ದ. ತಪ್ಪು ತನ್ನದೇ ಎಂದು ಆ ಹುಡುಗ ಭಾವಿಸಿದ್ದ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಪೀಣ್ಯದಲ್ಲಿ ಅಲ್ಯೂಮಿನಿಯಂ ಬೆಸುಗೆಯ ಕೆಲಸದಲ್ಲಿಯೇ ತಲೆ ಹಣ್ಣಾದ ಪರಿಚಿತರೊಬ್ಬರ ಬಳಿಗೆ ಮುರಿದ ಫ್ರೇಮನ್ನು ಒಯ್ದೆ. ಹ್ಯಾಂಡಲಿನ ಕೆಳಗಿರುವ ಗಿಡ್ಡ ಕೊಳವೆಗೆ ಕೆಳಗಿನ ದಪ್ಪ ಕೊಳವೆ ಬಂದು ಸೇರುವ ಜಾಗದಲ್ಲಿ ಅವರು ಬಣ್ಣ ಕೆರೆದರು. ಮೊದಲು ಪುಟ್ಟಿ ಬಂತು. ಅದರ ಕೆಳಗೆ ಎರಡನೆಯ ಬಾರಿ ಹಾಕಿದ ಬೆಸುಗೆ ಕಾಣಿಸಿತು. ಕಾರ್ಖಾನೆಯ ಬೆಸುಗೆ ಸಾಮಾನ್ಯವಾಗಿ ಮೀನಿನ ಹುರುಪೆ ಜೋಡಿಸಿಟ್ಟಂತೆ ಒಂದೇ ಸಮನಾಗಿರುತ್ತದೆ, ಇದು ಗಂಟುಗಂಟಾಗಿತ್ತು. ಆದರೆ ನನ್ನನ್ನು ಬೆಚ್ಚಿಬೀಳಿಸಿದ್ದು ಬೇರೆ. ಆ ಬೆಸುಗೆ ಬಿಟ್ಟಿರಲೇ ಇಲ್ಲ. ಮುರಿದದ್ದು ಅದರಿಂದ ಅರ್ಧ ಬೆರಳಿನಷ್ಟು ಆಚೆ, ನೋಡಲು ಏನೂ ಆಗಿರದ ಕೊಳವೆಯಲ್ಲಿ.

‘ಹದ ಹೋಗಿದೆ’ ಎಂದರು ಅವರು. ಕಮ್ಮಾರ ಕುಡುಗೋಲಿಗೆ ಹದ ಕೊಡುವುದನ್ನು ಊರಲ್ಲಿ ನೋಡಿದ್ದೇನೆ. ಅಲ್ಯೂಮಿನಿಯಂಗೂ ಹದ ಉಂಟು ಎಂಬುದು ನನಗೆ ಅಂದೇ ತಿಳಿದದ್ದು. 6061 ಎಂದರೆ ಅಲ್ಯೂಮಿನಿಯಂಗೆ ಸ್ವಲ್ಪ ಮೆಗ್ನೀಸಿಯಂ, ಸ್ವಲ್ಪ ಸಿಲಿಕಾನ್ ಸೇರಿಸಿದ ಮಿಶ್ರಲೋಹ. ಇಂಥ ಫ್ರೇಮನ್ನು ಬೆಸೆದ ಮೇಲೆ ಕಾರ್ಖಾನೆಯಲ್ಲಿ ಇಡಿಯಾಗಿ ಸುಮಾರು 530 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ತಟ್ಟನೆ ತಣಿಸುತ್ತಾರೆ. ತಣಿದ ಕೂಡಲೇ ಅದು ಉಕ್ಕಿನಂತೆ ಗಡುಸಾಗುವುದಿಲ್ಲ, ಮೆತ್ತಗೇ ಇರುತ್ತದೆ. ಆಗಲೇ ಸೊಟ್ಟ ತಿದ್ದಿ, ಮತ್ತೆ 170-180 ಡಿಗ್ರಿಯ ಒಲೆಯಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಲೋಹದೊಳಗೆ ಅತಿ ಸಣ್ಣ ಕಣಗಳು ಮೂಡಿ ಬಲ ಬರುವುದು ಆಗ. ಈ ಹದಕ್ಕೆ ಟಿ6 ಎಂದು ಹೆಸರು. ಹದವಿಲ್ಲದ 6061 ಸುಮಾರು 55 ಮೆಗಾಪಾಸ್ಕಲ್ ಒತ್ತಡಕ್ಕೇ ಬಾಗಿ ಹಾಗೆಯೇ ಉಳಿದರೆ, ಟಿ6 ಹದದ್ದು ಸುಮಾರು 276ರವರೆಗೆ ತಡೆಯುತ್ತದೆ.

ಬೀದಿಯ ಅಂಗಡಿಯಲ್ಲಿ ಮತ್ತೆ ಬೆಸುಗೆ ಹಾಕಿದಾಗ ಆ ಕಾವು ಅಕ್ಕಪಕ್ಕದ ಕೊಳವೆಯ ಹದವನ್ನು ಕೆಡಿಸಿಬಿಡುತ್ತದೆ. ಅಲ್ಲಿನ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬೆಸೆದವನ ಕೈ ಎಷ್ಟೇ ಪಳಗಿದ್ದರೂ ಇದು ತಪ್ಪದು. ಇಡೀ ಫ್ರೇಮಿಗೆ ಮತ್ತೆ ಹದ ಕೊಡುವ ಒಲೆ ಅವನ ಬಳಿ ಇರುವುದಿಲ್ಲ. 7005 ಎಂಬ ಇನ್ನೊಂದು ಮಿಶ್ರಲೋಹಕ್ಕೆ ನೀರಿನಲ್ಲಿ ತಣಿಸುವ ಹಂತ ಬೇಕಿಲ್ಲ. ಆದರೂ ಕಾರ್ಖಾನೆಯವರು ಅದನ್ನು ಒಲೆಯಲ್ಲಿ ಇಟ್ಟೇ ಹೊರಗೆ ಕಳಿಸುತ್ತಾರೆ.

ಉಕ್ಕಿನ ಫ್ರೇಮಿನ ಮಾತು ಬೇರೆ. ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಕ್ರೋಮೋಲಿ ಉಕ್ಕಿನ ಕೊಳವೆಯನ್ನು ಬಲ್ಲವರು ಬೆಸೆದುಕೊಟ್ಟರೆ ವರ್ಷಗಟ್ಟಲೆ ಓಡಿಸಬಹುದು. ಒಂದು ಮಿತಿಯೊಳಗಿನ ಕುಲುಕಾಟವನ್ನು ಉಕ್ಕು ಎಷ್ಟು ಸಲ ಬೇಕಾದರೂ ತಡೆದುಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ; ಪ್ರತಿಯೊಂದು ಕುಲುಕೂ ಅದರ ಲೆಕ್ಕಕ್ಕೆ ಸೇರುತ್ತದೆ. ಹದ ಹೋದ ಜಾಗದಲ್ಲಿ ಆ ಲೆಕ್ಕ ಬೇಗ ಮುಗಿಯುತ್ತದೆ. ಏಳು ತಿಂಗಳು ಸುಮ್ಮನಿದ್ದದ್ದು ಆ ದಿನ ಮುರಿದದ್ದು ಹೀಗೆ.

ಹಳೆಯದನ್ನು ಕೊಳ್ಳಲೇಬೇಕಾದರೆ, ಹೊಸ ಬಣ್ಣ ಹೊಡೆಸಿದ ಅಲ್ಯೂಮಿನಿಯಂ ಫ್ರೇಮಿನ ತಂಟೆಗೇ ಹೋಗಬೇಡಿ. ಗೀರು ಬಿದ್ದ ಮೂಲ ಬಣ್ಣವೇ ನಂಬಿಕೆಗೆ ಯೋಗ್ಯ. ಕೊಳವೆಗಳು ಸೇರುವ ಕಡೆಯೆಲ್ಲ ಉಗುರು ಆಡಿಸಿ. ಒಂದು ಬೆಸುಗೆ ಉಳಿದವುಗಳಿಗಿಂತ ದಪ್ಪಗಿದ್ದರೆ ಅಥವಾ ತೀರಾ ನುಣುಪಾಗಿದ್ದರೆ ಅಲ್ಲಿಂದ ಹೊರಡಿ. ಪೆಡಲಿನ ಅಚ್ಚು ಹಾದುಹೋಗುವ ಭಾಗದ ಅಡಿಯಲ್ಲಿ ಸಾಮಾನ್ಯವಾಗಿ ಕ್ರಮಸಂಖ್ಯೆ ಒತ್ತಿರುತ್ತಾರೆ. ನಾನು ಕೊಂಡ ಸೈಕಲಿನಲ್ಲಿ ಆ ಅಂಕಿಗಳು ಬಣ್ಣದಿಂದ ಮುಚ್ಚಿಹೋಗಿದ್ದವು. ಸೀಟಿನ ಕಂಬ ಹೊರತೆಗೆದು ಟಾರ್ಚ್ ಬಿಟ್ಟು ಒಳಗೂ ನೋಡಿ. ಕಾರ್ಬನ್ ಫ್ರೇಮ್ ಆದರೆ ಇನ್ನೂ ಎಚ್ಚರ ಬೇಕು, ಪೆಟ್ಟು ಬಿದ್ದರೆ ಹೊರಗೆ ಗುರುತಿಲ್ಲದೆ ಒಳಪದರಗಳು ಬಿಟ್ಟುಕೊಂಡಿರಬಹುದು.

ಮಾರಿದವರಿಗೆ ಫೋನ್ ಮಾಡಿದೆ. ತಾವೂ ಹಾಗೆಯೇ ಕೊಂಡದ್ದು ಎಂದರು, ಆಮೇಲೆ ಕರೆ ಎತ್ತಲಿಲ್ಲ. ಫ್ರೇಮಿಗೆ ಗುಜರಿಯವರು ಒಳ್ಳೆಯ ಬೆಲೆ ಹೇಳಿದರು, ಇಡಿಯಾಗಿ ಕೊಟ್ಟರೆ ಮಾತ್ರ ಎಂದರು. ಏಕೆ ಎಂದು ಕೇಳಲಿಲ್ಲ. ಪೀಣ್ಯದಲ್ಲಿಯೇ ಗರಗಸಕ್ಕೆ ಕೊಟ್ಟು ಆರು ತುಂಡು ಮಾಡಿಸಿ, ತೂಕದ ಲೆಕ್ಕದಲ್ಲಿ ಹಾಕಿ ಬಂದೆ.